ಹಿಂಡಿ ಅಂಗಡಿಗೆ ಬರುತ್ತಿದ್ದ ಓಟಿಪಿ

ಹುಮನಾಬಾದಿನಲ್ಲಿ ನನ್ನದು ದನದ ಹಿಂಡಿಯ ಅಂಗಡಿ. ಸುತ್ತಲ ಹಳ್ಳಿಯವರು ಯಾವ ಅರ್ಜಿಗಾದರೂ ನನ್ನ ಮೊಬೈಲ್ ನಂಬರನ್ನೇ ಬರೆಸುವುದು ರೂಢಿ. ನಿರ್ಣಾದ ಕುರಿಗಾರ ಬೀರಪ್ಪನ ಮಗಳು ಲಕ್ಷ್ಮಿಯೂ ಗ್ರಂಥಾಲಯಕ್ಕೆ ಅದನ್ನೇ ಕೊಟ್ಟಿದ್ದಳು. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಅವಳು ಅಣ್ಣನ ಮೊಬೈಲಿನಲ್ಲಿ ಗ್ರಂಥಾಲಯದ ಪುಸ್ತಕ ತೆರೆದಾಗಲೆಲ್ಲ ಓಟಿಪಿ ನನಗೆ ಬರುತ್ತಿತ್ತು. ಫೋನ್ ಮಾಡಿ ಕೇಳುತ್ತಿದ್ದಳು, ಹೇಳುತ್ತಿದ್ದೆ.

ಹೋದ ತಿಂಗಳು ಹಿಂಡಿಗೆ ಬಂದ ಬೀರಪ್ಪ ಗಲ್ಲಾಪೆಟ್ಟಿಗೆಯ ಪಕ್ಕ ಕೂತ. "ಸಾವ್ಕಾರ್ರ, ಇನ್ನ ಆಕಿಗಿ ಓಟಿಪಿ ನಂಬರ್ ಹೇಳಬ್ಯಾಡ್ರಿ. ಬಸವಕಲ್ಯಾಣದಾಗ ವರ ಗೊತ್ತಾಗ್ಯಾನ. ನೌಕರಿ ಮಾಡೋ ಸೊಸಿ ಬ್ಯಾಡಂತ ಅವರಿಗಿ."

"ಪರೀಕ್ಷಾ ಮುಂದಿನ ವಾರ ಅದಲ್ಲೋ?"

"ಅದಕ್ಕೇ ಈಗ ಹೇಳಾಕತ್ತೇನ್ರಿ."

ಅಷ್ಟರಲ್ಲಿ ಓಟಿಪಿ ಬಂತು, ಹಿಂದೆಯೇ ಅವಳ ಫೋನು. "ಕಾಕಾ, ನಂಬರ್ ಹೇಳ್ರಿ."

ಬೀರಪ್ಪ ನನ್ನನ್ನೇ ನೋಡುತ್ತಿದ್ದ. ಖಾಯಂ ಗಿರಾಕಿ. ಇನ್ನೊಬ್ಬರ ಮನೆಯ ಜಗಳ ಅಂಗಡಿಗೆ ತಂದುಕೊಳ್ಳುವವನು ನಾನಲ್ಲ. "ಬಂದಿಲ್ಲವ್ವ," ಎಂದೆ.

"ಕಳಿಸೇವಂತ ಇಲ್ಲಿ ತೋರಸಾಕತ್ತದಲ್ರಿ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಅಪ್ಪ ಅಲ್ಲೇ ಕುಂತಾನೇನ್ರಿ?"

"ಹೂಂ."

ಫೋನಿಟ್ಟಳು. ಮತ್ತೆಂದೂ ಮಾಡಲಿಲ್ಲ. ಬೀರಪ್ಪ ಚೀಲ ಹೊತ್ತುಕೊಂಡು ಹೋದ.

ಸಂಜೆ ಗ್ರಂಥಾಲಯದಿಂದ ಇನ್ನೊಂದು ಮೆಸೇಜು: ನಮ್ಮ ಮೊಬೈಲ್ ಸೇವೆ ನಿಮಗೆ ತೃಪ್ತಿ ತಂದಿದೆಯೇ? ಹೌದು ಅಥವಾ ಇಲ್ಲ ಒತ್ತಿರಿ ಎಂದಿತ್ತು. ಅವರದೂ ನನ್ನ ಹಾಗೆ ಗಿರಾಕಿಗಳನ್ನು ನಂಬಿದ ಅಂಗಡಿ ತಾನೆ, ಹೌದು ಒತ್ತಿದೆ.