ಗೌಡರ ಮನೆಯ ಮೊದಲ ವೀಳ್ಯ

ತೊಂಬತ್ತರ ದಶಕದಲ್ಲಿ ನಾನು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಗೆ ಮೇಷ್ಟ್ರಾಗಿ ಹೋದೆ. ದನಿ ದೊಡ್ಡದೆಂದು, ಮದುವೆ ನಿಶ್ಚಯದ ದಿನ ವೀಳ್ಯದ ಪಟ್ಟಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಅಪ್ಪನ ಹೆಸರು ಹೇಳಿ, ಆಮೇಲೆ ಮಗನ ಹೆಸರು ಕೂಗಬೇಕು. ಅವರು ಎದ್ದು ಬಂದು ಎಲೆ ಅಡಿಕೆ ತೆಗೆದುಕೊಳ್ಳಬೇಕು. ಪಟೇಲಿಕೆಯನ್ನು ಸರ್ಕಾರ ಎಂದೋ ರದ್ದು ಮಾಡಿತ್ತು. ಆದರೂ ಮೊದಲ ವೀಳ್ಯ ಗೌಡರ ಮನೆಗೇ ಹೋಗುತ್ತಿತ್ತು.

ಆ ದಿನ ಸೊರಬದಿಂದ ಗಂಡಿನ ಕಡೆಯವರು ಬಂದಿದ್ದರು. ಹಿಂದಿನ ವರ್ಷ ತೀರಿಕೊಂಡ ಗೌಡರ ಹೆಸರು ಹೇಳಿ, ಅವರ ಒಬ್ಬನೇ ಮಗನನ್ನು ಗೌಡರೆಂದು ಕೂಗಿದೆ. ಆ ಮನೆಯೊಳಗಿನ ಜಗಳ ನನಗೆ ಗೊತ್ತಿರಲಿಲ್ಲ.

ತೀರಿಕೊಂಡ ಗೌಡರ ತಮ್ಮನ ಮಗ ಎದ್ದು ನಿಂತ. “ಯಾರ ಮಗ ಅಂದ್ರಿ ಮೇಷ್ಟ್ರೇ? ಮದ್ವೆಯಾಗಿ ಏಳೇ ತಿಂಗಳಿಗೆ ಹುಟ್ಟಿದೋನು ನಮ್ಮ ದೊಡ್ಡಪ್ಪನ ಮಗ ಹೆಂಗಾಗ್ತಾನ್ರೀ? ಗೌಡಿಕೆ ನಂದು.”

ಸೊರಬದ ಮುದುಕರೊಬ್ಬರು, “ಎಂತ ಮಾರಾಯ, ನೀನು ಒಂಬತ್ತು ತಿಂಗಳು ಪೂರ್ತಿ ಒಳಗಿದ್ದು ಕಲಿತದ್ದು ಇಷ್ಟೇಯಾ?” ಎಂದರು. ಕೆಲವರು ನಕ್ಕರು. ಅಷ್ಟರಲ್ಲಿ ಯಾರೋ, “ಆಯಮ್ಮ ಇಲ್ಲೇ ಕುಂತಾರಲ್ಲ, ಅವರನ್ನೇ ಕೇಳ್ರಿ” ಎಂದುಬಿಟ್ಟರು. ನಗು ನಿಂತಿತು. ಹೆಂಗಸರ ನಡುವೆ ಕೂತಿದ್ದ ಗೌಡರ ಹೆಂಡತಿಯ ಕಡೆಗೆ ಎಲ್ಲರೂ ತಿರುಗಿದರು. ಅವರು ಸೆರಗು ಸರಿಮಾಡಿಕೊಂಡರು. ತಲೆ ತಗ್ಗಿಸಲಿಲ್ಲ.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಮಗ ಎದ್ದು, ಅವ್ವನಿಗೂ ಜನಕ್ಕೂ ನಡುವೆ ಬಂದು ನಿಂತ. ದನಿ ಏರಿಸಲಿಲ್ಲ, ಇದು ಖಂಡಿತ.

“ನಮ್ಮವ್ವನ್ನ ಯಾರೂ ಏನೂ ಕೇಳಬ್ಯಾಡ್ರಿ. ಇವತ್ತಿನವರೆಗೂ ನಾನೇ ಕೇಳಿಲ್ಲ. ಗೌಡಿಕೆ ಅವನೇ ಇಟ್ಕೊಳ್ಲಿ. ಮೇಷ್ಟ್ರೇ, ಅವನ ಹೆಸರು ಮೊದಲು ಕೂಗ್ರಿ. ನನ್ನ ಹೆಸರು ಆಮೇಲೆ, ಅವ್ವನ ಹೆಸರು ಹೇಳಿ ಕೂಗ್ರಿ.”

ಹಾಗೆ ಹೆಂಗಸಿನ ಹೆಸರು ಹಿಡಿದು ಕೂಗುವ ಪದ್ಧತಿ ಅಲ್ಲಿರಲಿಲ್ಲ. ಹಿರಿಯರ ಮುಖ ನೋಡಿದೆ. ಮೊದಲು ತಮ್ಮನ ಮಗನನ್ನು ಗೌಡರೆಂದು ಕೂಗಿದೆ. ಅವನು ಬಂದು ವೀಳ್ಯ ತೆಗೆದುಕೊಂಡು, ಯಾರ ಕಡೆಗೂ ನೋಡದೆ ಹೋಗಿ ಕೂತ. ಆಮೇಲೆ ಆ ತಾಯಿಯ ಹೆಸರನ್ನು ನನ್ನಿಂದಾದಷ್ಟು ಗಟ್ಟಿಯಾಗಿ ಕೂಗಿ, ಮಗನ ಹೆಸರು ಸೇರಿಸಿದೆ.

ಅವನು ವೀಳ್ಯ ಪಡೆದು ಕಣ್ಣಿಗೊತ್ತಿಕೊಂಡು, ಹೋಗಿ ಅವ್ವನ ಕೈಗೆ ಕೊಟ್ಟ. ಅವರು ಅವಸರಪಡಲಿಲ್ಲ. ಪಕ್ಕದವರಿಂದ ಸುಣ್ಣ ಕೇಳಿ ಪಡೆದು, ಎಲೆಗೆ ಹಚ್ಚಿ, ಅಡಿಕೆ ಇಟ್ಟು ಮಡಚಿ, ಎಲ್ಲರ ಎದುರಿಗೇ ಬಾಯಿಗೆ ಹಾಕಿಕೊಂಡರು.