ಮೂಡಲ ಕಡಲು, ಪಡುವಣ ಕಡಲು

ಗಂಡನ ಮೊಬೈಲಿನ ಪರದೆಯಲ್ಲಿ ಕೂದಲೆಳೆಯಂಥ ಒಂದು ಬಿರುಕು ಇತ್ತು. ಬಲಗಡೆಯ ಮೇಲ್ಮೂಲೆಯಿಂದ ಓರೆಯಾಗಿ ಇಳಿದಿದ್ದ ಆ ಗೆರೆ, ದೇಶದ ನಕಾಶೆ ತೆರೆದಾಗ ಸರಿಯಾಗಿ ಪುರಿಯ ಮೇಲೆ ಹಾದು ಹೋಗುತ್ತಿತ್ತು. ಅವರು ಬಿರುಕಿನ ಮೇಲೆ ಬೆರಳಿಟ್ಟು, ಇಲ್ಲಿಗೆ ಹೋಗೋಣ ಎಂದರು.

ಶಿರಸಿಯ ನಮ್ಮ ಬಾಡಿಗೆ ಮನೆಯ ಹೊರಕೋಣೆಯಲ್ಲಿ ಆ ಸಂಜೆ ನಾಲ್ವರಿದ್ದೆವು. ಅತ್ತೆ ಮೊರದಲ್ಲಿ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ಪೇಟೆ ಕೆಲಸಕ್ಕೆ ಬಂದಿದ್ದ ಅತ್ತಿಗೆ, ಎಂದರೆ ಗಂಡನ ಅಕ್ಕ, ತಮ್ಮೂರು ಹುಲಗೋಳದ ಬಸ್ಸಿನ ಹೊತ್ತಾಗುವುದನ್ನು ಕಾಯುತ್ತಿದ್ದರು. ಡಿಸೆಂಬರಿನ ರಜೆಗೆ ಸಮುದ್ರ ನೋಡಲು ಹೋಗುವುದೆಂದು ಮೊದಲೇ ತೀರ್ಮಾನವಾಗಿತ್ತು. ಯಾವ ಸಮುದ್ರ ಎಂಬುದಷ್ಟೇ ಉಳಿದಿತ್ತು. ಪುರಿಗಾದರೆ ರೈಲಿನ ಟಿಕೆಟ್ಟು ಇವತ್ತೇ ತೆಗೆಯಬೇಕು, ನಾಳೆಗೆ ಸಿಗುವುದಿಲ್ಲ ಎಂದು ಗಂಡ ಅವಸರ ಮಾಡುತ್ತಿದ್ದರು.

ನಾನು ಬಸುರಿ ಎಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡು ನಾನು ಕುಳಿತಿದ್ದೆ.

ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ಸುದ್ದಿ ಕೇಳಿದ ದಿನವೇ ಗಂಡ ಎಲ್ಲರಿಗೂ ಫೋನು ಮಾಡಿದ್ದರು. ಅವರ ಸಂತೋಷವೇ ಅಂಥದು, ಅದು ಒಳಗೆ ನಿಲ್ಲುವುದಿಲ್ಲ. ಆಮೇಲೆ ನೆಂಟರೊಬ್ಬರ ಮನೆಯ ಉಪನಯನಕ್ಕೆಂದು ಯಲ್ಲಾಪುರದ ನನ್ನ ತವರಿನಿಂದ ಎಲ್ಲರೂ ಅಂಕೋಲೆಗೆ ಹೋದೆವು. ವಾಪಸು ಬರುವಾಗ ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ತಾಸುಗಟ್ಟಲೆ ನಿಂತು, ತೆವಳಿ, ಮತ್ತೆ ನಿಂತು ಮೇಲೆ ಬಂದೆವು. ಅದೇ ವಾರ ಎಲ್ಲ ಮುಗಿಯಿತು. ಘಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದರು. ಬಂಧುಗಳು ಅಷ್ಟೇ ಸ್ಪಷ್ಟವಾಗಿ ಘಟ್ಟದ್ದೇ ಕಾರಣ ಎಂದರು. ನನಗೆ ಇವೆರಡಕ್ಕಿಂತ ಕಷ್ಟವಾದದ್ದು ಬೇರೆ. ಸಂತೋಷ ಹೇಳಿದ ಪ್ರತಿ ಮನೆಗೂ ಇದನ್ನೂ ಹೇಳಬೇಕಾಯಿತು. ತಿಂಗಳುಗಳ ನಂತರವೂ ಸಿದ್ದಾಪುರದ ಬಸ್ಸಿನಲ್ಲಿ ಯಾರೋ ಪಕ್ಕ ಕುಳಿತು, ಈಗ ಎಷ್ಟು ತಿಂಗಳು ಎಂದು ಕೇಳಿದ್ದರು.

ಆದ್ದರಿಂದ ಈ ಸಲ ಡಾಕ್ಟರು ಸ್ಕ್ಯಾನು ಮಾಡಿ, ಎದೆಬಡಿತ ಇದೆ ಎಂದು ಹೇಳುವವರೆಗೆ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿಕೊಂಡಿದ್ದೆ. ಗಂಡನಿಗೂ. ಸ್ಕ್ಯಾನು ಮುಂದಿನ ವಾರ ಇತ್ತು. ಅಲ್ಲಿಯವರೆಗೆ ಈ ವಿಷಯ ನನ್ನೊಬ್ಬಳ ಒಳಗೆ ಇರಬೇಕು. ಅದು ಉಳಿದರೂ, ಉಳಿಯದಿದ್ದರೂ.

ಗಂಡ ಪುರಿಯ ಬಗ್ಗೆ ಹೇಳುತ್ತಲೇ ಇದ್ದರು. ಅವರದು ಸಿದ್ದಾಪುರದ ಕಡೆ ಹೇರೂರು. ಚಿಕ್ಕಂದಿನಿಂದ ಘಟ್ಟ ಇಳಿದು ಕುಮಟೆಯ ಕಡಲನ್ನು ನೋಡಿದವರು. ಅಲ್ಲಿ ಸೂರ್ಯ ಮುಳುಗುವುದನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕವಿಲ್ಲ. ನೀರಿನಿಂದ ಸೂರ್ಯ ಏಳುವುದನ್ನು ಒಮ್ಮೆಯೂ ನೋಡಿಲ್ಲ. ಮೂಡಲ ಕಡಲಿನ ಅಲೆಗಳೇ ಬೇರೆ, ಮರಳೇ ಬೇರೆ, ಬಂಡೆ ಎಂಬುದೇ ಇಲ್ಲವಂತೆ, ಕಣ್ಣು ಹಾಯುವಷ್ಟೂ ಬಯಲು. ಅಲ್ಲಿ ಬೆಳಗಿನ ಜಾವ ನೀರಿಗಿಳಿದು ನಿಲ್ಲಬೇಕು ಎಂದು ಅವರು ಹೇಳುವಾಗ ಧ್ವನಿಯಲ್ಲಿ ಹುಡುಗತನವಿತ್ತು.

ಅತ್ತಿಗೆಗೆ ಇದು ಒಪ್ಪಿಗೆಯಾಗಲಿಲ್ಲ.

"ಸೂರ್ಯ ಹುಟ್ಟದ್ ನೋಡಲೆ ಅಷ್ಟು ದೂರ ಹೋಗವ ತಮ್ಮಾ? ಇಲ್ಲಿ ಅಂವ ಹುಟ್ತ್ನಿಲ್ಯ?"

"ಇಲ್ಲಿ ಗುಡ್ಡದ ಮೇಲೆ ಹುಟ್ತ. ನೀರಲ್ಲಿ ಬರೀ ಮುಳುಗ್ತ."

"ಸೂರ್ಯನ್ನ ಬಿಡು. ಮೊದ್ಲು ಮನೇಲಿ ಎಂತಾರೂ ಹುಟ್ಟದ್ ನೋಡನ."

ಅತ್ತಿಗೆ ಒಬ್ಬರೇ ನಕ್ಕರು. ಗಂಡ ತಗ್ಗಿದ ದನಿಯಲ್ಲಿ, ಅಕ್ಕಾ, ಎಂದರು. ನಾನು ಕಾಫಿ ಲೋಟಗಳನ್ನು ಒಂದರೊಳಗೊಂದು ಇಡತೊಡಗಿದೆ. ಅತ್ತೆಯ ಕೈ ಬಸಳೆಯ ದಂಟಿನ ಮೇಲೆ ಒಂದು ಕ್ಷಣ ನಿಂತು ಮತ್ತೆ ಆಡಿತು.

ಅತ್ತಿಗೆಯ ಸಲಹೆ ಸರಳವಾಗಿತ್ತು. ದೇವಿಮನೆ ಘಟ್ಟ ಇಳಿದರೆ ಕುಮಟೆ, ಅಲ್ಲಿಂದ ಗೋಕರ್ಣ ಹತ್ತಿರ. ಉಳಿಯಲು ಹೋಟೆಲು ಬೇಡ, ಅವರ ಗಂಡನ ಕಡೆಯವರ ಮನೆ ಇದೆ. ಪಡುವಣ ಕರಾವಳಿಯಲ್ಲಿ ನಮಗೆ ನೆಂಟರಿಲ್ಲದ ಊರು ಇಲ್ಲ, ನನ್ನ ಭಯವೂ ಅದೇ ಆಗಿತ್ತು. ಅಲ್ಲಿನ ಹೆಂಗಸರು ನನಗೆ ನೀರು ಕೊಡುವ ಮೊದಲು ಹೊಟ್ಟೆಯ ಕಡೆ ನೋಡುತ್ತಾರೆ. ಎಂತಾರೂ ವಿಶೇಷ ಇದ್ದಾ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಆ ಘಟ್ಟದ ತಿರುವುಗಳು. ಡಾಕ್ಟರ ಮಾತನ್ನು ನನ್ನ ಬುದ್ಧಿ ನಂಬಿತ್ತು, ದೇಹ ನಂಬಿರಲಿಲ್ಲ.

ಮೂಡಲಿನಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ. ಆದರೆ ಹುಬ್ಬಳ್ಳಿಗೆ ಹೋಗಿ, ರೈಲು ಹತ್ತಿ, ನಡುವೆ ಬದಲಿಸಿ, ಅಷ್ಟು ದೂರ. ದಾರಿಯಲ್ಲಿ ಏನಾದರೂ ಆದರೆ, ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಯಾವ ಭಾಷೆಯಲ್ಲಿ ಹೇಳುವುದು? ಎರಡನ್ನೂ ಬೇಡ ಎನ್ನಬೇಕಿತ್ತು. ಬೇಡ ಎಂದರೆ ಕಾರಣ ಹೇಳಬೇಕಿತ್ತು. ಆದ್ದರಿಂದ ಅತ್ತಿಗೆ ಗೋಕರ್ಣ ಎಂದಾಗ ಪುರಿಯೇ ಚೆಂದ ಎಂದೆ. ಗಂಡ ಟಿಕೆಟ್ಟಿನ ಪುಟ ತೆರೆದಾಗ, ಚಳಿಯಲ್ಲಿ ಅಷ್ಟು ದೂರವೇ ಎಂದೆ. ಹೀಗೆ ಇವತ್ತನ್ನು ದಾಟಿಸಿದರೆ ನಾಳೆ ಟಿಕೆಟ್ಟು ಇರುವುದಿಲ್ಲ ಎಂಬುದು ನನ್ನ ಲೆಕ್ಕ.

"ನಿಂಗೆ ಯಾವ್ದು ಬೇಕು ಹೇಳಿ ನೀನೇ ಹೇಳು ಮಾರಾಯ್ತಿ" ಎಂದರು ಅತ್ತಿಗೆ. ಅವರು ನನ್ನನ್ನೇ ನೋಡುತ್ತಿದ್ದರು. ಅವರ ನೋಟದಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ.

ಒಂದು ಸಂಗತಿ ಹೇಳಬೇಕು. ನಮ್ಮ ಮನೆಯಲ್ಲಿ ತಿಂಗಳ ಮೂರು ದಿನ ಹೆಂಗಸರು 'ಹೊರಗೆ'. ದೇವರ ಕೋಣೆ, ಅಡಿಗೆಮನೆ, ತುಳಸಿ ಮುಟ್ಟುವಂತಿಲ್ಲ. ನಾನು ಈ ಪದ್ಧತಿಯನ್ನು ನಂಬುವವಳಲ್ಲ. ಅತ್ತೆಯ ಜೊತೆ ವಾದ ಮಾಡುವವಳೂ ಅಲ್ಲ. ಆದರೆ ಈ ಪದ್ಧತಿಯಿರುವ ಮನೆಯಲ್ಲಿ ಯಾರ ತಿಂಗಳು ತಪ್ಪಿದೆ ಎಂಬುದು ಬಾಯಿ ಬಿಡದೆಯೇ ಎಲ್ಲರಿಗೂ ತಿಳಿಯುತ್ತದೆ. ಹಾಗಾಗಿ ಈ ಸಲ ದಿನ ಬಂದಾಗ, ಹೊರಗಾಗದಿದ್ದರೂ, ನಾನು ಹೊರಗೆ ಎಂದು ಹೇಳಿ ಬೇರೆ ಚಾಪೆ ಹಾಸಿಕೊಂಡೆ. ಎರಡನೆಯ ಬೆಳಿಗ್ಗೆ ಬಟ್ಟೆ ಹರವಿ ಬರುವಾಗ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಅಭ್ಯಾಸಬಲದಿಂದ ತುಳಸಿಗೆ ಹೊಯ್ದುಬಿಟ್ಟೆ. ತಲೆಯೆತ್ತಿದರೆ ಅತ್ತೆ ಕಿಟಕಿಯಲ್ಲಿದ್ದರು. ನಾನು ನಿಜವಾಗಿ ಹೊರಗೆ ಎಂದು ನಂಬಿದ್ದರೆ ಅವರು ಗದರಬೇಕಿತ್ತು, ಗಿಡಕ್ಕೆ ಶುದ್ಧಿ ಮಾಡಬೇಕಿತ್ತು. ಅವರು ಹೋಗಿ ತೆಂಗಿನಕಾಯಿ ತುರಿಯಲು ಕುಳಿತರು. ಕಾಣಲಿಲ್ಲವೇನೋ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಗಂಡ ಕೊನೆಗೆ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡು, ಸರಿ, ಪುರಿಯೇ ಆಗಲಿ, ಟಿಕೆಟ್ಟು ತೆಗೆಯುತ್ತೇನೆ ಎಂದರು. ಮೊದಲ ದಿನವೇ ಬೆಳಗಾಗುವ ಮೊದಲು ಸಮುದ್ರಸ್ನಾನ ಮಾಡುವುದೆಂದು ಸೇರಿಸಿದರು.

ಅತ್ತೆ ಮೊರವನ್ನು ಪಕ್ಕಕ್ಕಿಟ್ಟು ಮಗನಿಗೆ ಹೇಳಿದರು.

"ತಮ್ಮಾ, ಯಾವ ಕಡೆಗಾರೂ ಹೋಗು. ಸಮುದ್ರಕ್ಕೆ ಮಾತ್ರ ಇಳಿಯಡ."

"ಎಂತಕ್ಕೆ? ಎಂಗೆ ಈಜಲೆ ಬತ್ತು."

"ಈಜಲೆ ಬಂದ್ರೂ ಇಳಿಯಡ."

ಹೆಂಡತಿ ಬಸುರಿಯಾಗಿರುವಾಗ ಗಂಡ ಸಮುದ್ರಸ್ನಾನ ಮಾಡಬಾರದು. ಕಾರಣ ಯಾರೂ ಹೇಳುವುದಿಲ್ಲ, ನಿಯಮ ಮಾತ್ರ ಎಲ್ಲ ಹೆಂಗಸರಿಗೂ ಗೊತ್ತು. ಅತ್ತಿಗೆ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಗಂಡ ಇನ್ನೊಮ್ಮೆ ಎಂತಕ್ಕೆ ಎಂದು ಕೇಳಲು ಬಾಯಿ ತೆರೆದರು, ಆದರೆ ಕೇಳಲಿಲ್ಲ. ಹಿಂದಿನ ವರ್ಷ ಅಂಕೋಲೆಯಲ್ಲಿ, ಉಪನಯನದ ಮರುದಿನ ಗಂಡಸರೆಲ್ಲ ಕಡಲಿಗೆ ಹೊರಟಾಗ, ಒಬ್ಬ ಮುದುಕಿ ನನ್ನ ಗಂಡನನ್ನು ಮಾತ್ರ ಇದೇ ಮಾತು ಹೇಳಿ ತಡೆದಿದ್ದಳು. ಆಗ ಸುತ್ತಲಿನವರೆಲ್ಲ ನಕ್ಕಿದ್ದರು, ಅವರೂ ನಕ್ಕಿದ್ದರು. ಅದು ನೆನಪಾದದ್ದು ಅವರ ಮುಖದಲ್ಲೇ ಕಂಡಿತು. ಅವರು ಅಮ್ಮನನ್ನು ನೋಡಿದರು, ಅಕ್ಕನನ್ನು ನೋಡಿದರು, ಕೊನೆಗೆ ನನ್ನನ್ನು.

ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅತ್ತೆಯ ಮೇಲೆ ಆಗ ಬಂದ ಸಿಟ್ಟು ನನಗೆ ಈಗಲೂ ನೆನಪಿದೆ. ಅಷ್ಟು ದಿನ ಬಾಯಿ ಬಿಡದೆ ಕಾಪಾಡಿದವರು, ಅದೂ ಅತ್ತಿಗೆಯ ಎದುರಿಗೆ, ಒಂದು ನಿಯಮಕ್ಕಾಗಿ ಹೇಳಿಬಿಟ್ಟರು. ಆದರೆ ಅವರಿಗೆ ಅದು ಬರೀ ನಿಯಮವಾಗಿರಲಿಲ್ಲ. ಕಾರಣವೆಂದು ನಂಬದೆಯೂ ನಾನು ಘಟ್ಟಕ್ಕೆ ಹೆದರಿದ ಹಾಗೆಯೇ ಅವರು ಸಮುದ್ರಕ್ಕೆ ಹೆದರಿದ್ದರು.

ಹೊರಗೆ ಅತ್ತೆ ಮಗಳಿಗೆ, ಯಾರ ಕೂಡನೂ ಹೇಳಡ, ಎನ್ನುವುದು ಕೇಳಿಸಿತು. "ಆನೆಂತ ಸಣ್ಣ ಕೂಸಾ ಆಯಿ?" ಎಂದು ಅತ್ತಿಗೆ ಗೊಣಗಿದರು. ಬಸ್ಸಿಗೆ ಹೊರಟವರಿಗೆ ಬ್ಯಾಗು ಕೊಡಲು ನಾನು ಬಗ್ಗಿದೆ. ಅವರು ನನಗಿಂತ ಮೊದಲೇ ಕೈ ಹಾಕಿ ಅದನ್ನು ಎತ್ತಿಕೊಂಡರು. ನನ್ನ ಮುಖ ನೋಡಲಿಲ್ಲ. ಮೆಟ್ಟಿಲಿಳಿಯುವಾಗ, ಮನೇಲಿ ಹುಟ್ಟದ್ ನೋಡನ ಅಂತ ಆನು ಹೇಳ್ಬಾರ್ದಾಗಿತ್ತು, ಎಂದು ತಮಗೇ ಹೇಳಿಕೊಂಡರು.

ಅಕ್ಕನನ್ನು ಬಸ್ಸು ಹತ್ತಿಸಲು ಹೋಗಿದ್ದ ಗಂಡ ಬಸ್‌ಸ್ಟ್ಯಾಂಡಿನಿಂದ ಬಂದು ನನ್ನ ಎದುರಿಗೆ ಕುಳಿತರು.

"ಎಂಗೊಬ್ಬಂಗೇ ಗೊತ್ತಿತ್ತಿಲ್ಲೆ."

"ಆನು ಯಾರಿಗೂ ಹೇಳಿದ್ನಿಲ್ಲೆ."

ತಮಗೊಬ್ಬರಿಗೇ ಗೊತ್ತಿರಲಿಲ್ಲ ಎಂದುಕೊಂಡವರಿಗೆ ಅದು ಉತ್ತರವಾಗಿರಲಿಲ್ಲ ಎಂದು ನನಗೆ ಗೊತ್ತಿತ್ತು. ನೀವು ಎಲ್ಲರಿಗೂ ಹೇಳುತ್ತೀರಿ, ಆಮೇಲೆ ಎಲ್ಲರಿಗೂ ಉತ್ತರ ಕೊಡಬೇಕಾದವಳು ನಾನು ಎನ್ನಬೇಕಿತ್ತು. ಹೇಳಿದೆ ಕೂಡ, ಬೇರೆ ಮಾತಿನಲ್ಲಿ, ಬಹಳ ಹೊತ್ತಿನ ಮೇಲೆ. ಅವರು ವಾದಿಸಲಿಲ್ಲ. ಮೊಬೈಲು ಮೇಜಿನ ಮೇಲೆ ಮಗುಚಿ ಬಿದ್ದಿತ್ತು. ಅಷ್ಟು ಹೊತ್ತು ಅವರು ಅದನ್ನು ಮುಟ್ಟಲಿಲ್ಲ, ಯಾರಿಗೂ ಫೋನು ಮಾಡಲಿಲ್ಲ. ಹೆದರಿಕೆ ಆಗ್ತಾ ಎಂದು ಮಾತ್ರ ಕೇಳಿದರು. ಹೌದು ಎಂದೆ.

ಮರುದಿನ ಬೆಳಿಗ್ಗೆ ನಾನು ಕೆಲಸ ಮಾಡುವ ಕಾಲೇಜಿಗೆ ರಜೆ ಹೇಳಿದೆ. ಆಸ್ಪತ್ರೆಗೆ ಫೋನು ಮಾಡಿ, ಮುಂದಿನ ವಾರದ ಸ್ಕ್ಯಾನನ್ನು ಇವತ್ತೇ ಮಾಡಬಹುದೇ ಎಂದು ಕೇಳಿದೆ. ಬನ್ನಿ, ಕಾಯಬೇಕಾಗಬಹುದು ಎಂದರು. ದಾರಿಯಲ್ಲಿ ಗಂಡ, ನಿಜವಾಗಿ ನಿನಗೆ ಯಾವ ಕಡಲು ಬೇಕಿತ್ತು ಎಂದು ಕೇಳಿದರು. ಮೂಡಲದ್ದು ಎಂದೆ, ಅದು ಸುಳ್ಳಲ್ಲ. ನರ್ಸು ನನ್ನನ್ನು ಕರೆದಾಗ ಅವರು ಬೆಂಚಿನಿಂದ ಏಳಲಿಲ್ಲ, ನನ್ನ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಕಾಯುತ್ತಿದ್ದರು. ನಾನು ಡಾಕ್ಟರ ಕೋಣೆಯ ಪರದೆ ಸರಿಸಿ ಹಿಡಿದು, ಬನ್ನಿ ಎಂದೆ.