ಅರಿಸಿನ ಹಚ್ಚಿದ ಲಕೋಟೆ

ಮಳವಳ್ಳಿಯ ನಮ್ಮ ವಕೀಲರು ಕಾಗದದ ಮೇಲೆ ಬೆರಳಿಟ್ಟು, “ಇದು ಹೊರದೇಶದ ಕೋರ್ಟಿನ ತೀರ್ಪು, ದೃಢೀಕರಿಸಿದ ಪ್ರತಿ. ಸರಿಯಾಗೇ ಕೊಟ್ಟಿದ್ದಾರೆ ಅಂತ ನಮ್ಮ ಕೋರ್ಟು ಮೊದಲು ನಂಬುತ್ತೆ. ಅಲ್ಲ ಅನ್ನೋದನ್ನ ನೀವೇ ರುಜುವಾತು ಮಾಡ್ಬೇಕು ಕಣಮ್ಮ” ಎಂದರು.

ನಾನು ಗಂಡನನ್ನು ತೊರೆದು ಬಂದೆನಂತೆ. ನೋಟಿಸು ಕೊಟ್ಟರೂ ಹಾಜರಾಗಲಿಲ್ಲವಂತೆ. ಅದಕ್ಕೇ ವಿಚ್ಛೇದನವಂತೆ. ವೀಸಾ ಬಂದ ಕೂಡಲೇ ಕರೆಸಿಕೊಳ್ಳುತ್ತೇನೆಂದು ನನ್ನನ್ನು ಪೂರಿಗಾಲಿಯ ತವರಿನಲ್ಲಿ ಬಿಟ್ಟು ವಿಮಾನ ಹತ್ತಿದವನು ಅವನು. ತೊರೆದವಳು ಮಾತ್ರ ನಾನು. ನನಗೆ ಅವನು ಬೇಕಿರಲಿಲ್ಲ. ಆ ಒಂದು ಮಾತು ಅಳಿಯಬೇಕಿತ್ತು. ಅದಕ್ಕಾಗಿ ಇಲ್ಲಿನ ಕೋರ್ಟಿನಲ್ಲಿ ಕೇಸು ಹಾಕಿದೆ.

ನೋಟಿಸು ಬಂದದ್ದು ನಿಜ. ಪಿತೃಪಕ್ಷ ನಡೆಯುತ್ತಿತ್ತು, ನಾನು ಹಲಗೂರಿಗೆ ಹೋಗಿದ್ದೆ. ಅವ್ವ ರುಜು ಹಾಕಿ ತೆಗೆದುಕೊಂಡಳು. ಹೊರದೇಶದ ಮುದ್ರೆ ನೋಡಿ ವೀಸಾ ಎಂದೇ ತಿಳಿದಳು. ಪಕ್ಷದಲ್ಲಿ ಒಳ್ಳೆಯ ಕಾಗದ ಬಿಚ್ಚಬಾರದಲ್ಲ. ಹೇಳಿದರೆ ನಾನು ಸುಮ್ಮನಿರುವವಳಲ್ಲ. ದೇವರ ಫೋಟೋ ಹಿಂದೆ ಇಟ್ಟುಬಿಟ್ಟಳು. ಅಮಾವಾಸ್ಯೆ ಕಳೆದ ಮೇಲೆ ಲಕೋಟೆಯ ಅಂಟಿನ ಮೇಲೆ ಅರಿಸಿನ ಹಚ್ಚಿ, ನಗುನಗುತ್ತಾ ನನ್ನ ಕೈಗಿತ್ತಳು. ಹರಿದು ನೋಡಿದೆ. ಹಾಜರಾಗುವ ತಾರೀಖು ಕಳೆದು ಮೂರು ದಿನವಾಗಿತ್ತು. ಅವನಿಗೆ ಫೋನು ಮಾಡಿದೆ, ಮಾಡಿದೆ, ಎತ್ತಲೇ ಇಲ್ಲ.

ಸಾಕ್ಷಿ ಕಟ್ಟೆಯಲ್ಲಿ ಅವ್ವ ಇದನ್ನೇ ಹೇಳಿದಳು. “ರುಜು ನಂದೇ ಸಾಮಿ. ಇವಳ್ಗೆ ಏಳ್ನಿಲ್ಲ. ಪಕ್ಸ ಇತ್ತಲ್ಲ.”

“ಹೇಳಲಿಲ್ಲ ಅನ್ನೋದಕ್ಕೆ ಸಾಕ್ಷಿ?” ಅವನ ಕಡೆಯ ವಕೀಲರು ಕೇಳಿದರು.

“ನಾನೇ ಏಳ್ತಾ ಇವ್ನಲ್ಲ.” ಅವ್ವ ಲಕೋಟೆ ಎತ್ತಿ ತೋರಿಸಿದಳು. “ನೋಡಿ, ಅರಿಸಿನ. ಅಂಟು ಬಿಚ್ಚೋಕ್ಮುಂಚೆ ಅಚ್ಚಿದ್ದು.”

“ಅರಿಸಿನ ನಿನ್ನೆಯೂ ಹಚ್ಚಬಹುದು. ಮಗಳಿಗಾಗಿ ತಾಯಿ ಏನು ಬೇಕಾದರೂ ಹೇಳ್ತಾಳೆ.”

ಆಗದ ಒಂದು ಸಂಗತಿಯನ್ನು ಆಗಿಲ್ಲ ಎಂದು ತೋರಿಸುವುದು ಹೇಗೆ? ನನಗೆ ಕೂಗಬೇಕೆನಿಸಿತು. ಮುಂದಿನ ತಾರೀಖು ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು: “ರುಜು ನಂದಲ್ಲ ಅಂದ್ಬುಟ್ಟಿದ್ರೆ ಗೆಲ್ತಿದ್ದೇನವ್ವ?”

“ಗೆಲ್ತಿದ್ನೇನೋ” ಎಂದೆ. ಹಾಗೆ ಹೇಳಬಾರದಿತ್ತು.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ, ಅವ್ವ ಸೆರಗಿನ ತುದಿಗೆ ಎಂಜಲು ಹಚ್ಚಿಕೊಂಡು ಲಕೋಟೆಯ ಅರಿಸಿನವನ್ನು ಉಜ್ಜುತ್ತಿದ್ದಳು. ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದೆ. ಸಾಕ್ಷಿ ಅಂತ ನಮ್ಮ ಹತ್ತಿರ ಇದ್ದದ್ದು ಅದೊಂದೇ.